ಬಾಯಿಗೆ ಬೀಗ, ಕೈಯಲ್ಲಿ ಮೇಣ

ಜುಲೈ 3, ಗುರುವಾರ, ನಮ್ಮ ಐದು ದಿನದ ಸಂತೆವಾರದಲ್ಲಿ ಲೆಗಿ

ಯಾರದು ಇದನ್ನು ಬಿಚ್ಚಿ ನೋಡುತ್ತಿರುವುದು? ಮುಚ್ಚು ಮೊದಲು! ಇನ್ನೊಬ್ಬರ ಪುಸ್ತಕದೊಳಗೆ ಮೂಗು ತೂರಿಸುವ ಬುದ್ಧಿಯನ್ನು ಯಾವ ಸಂತೆಯಲ್ಲಿ ಕೊಂಡು ತಂದೆ? ಪೂರ್ವಾಂತಿ, ನೀನೇ ಆದರೆ ಒಲೆಯ ಮೇಲೆ ಅನ್ನ ಸೀಯುತ್ತಿರುತ್ತದೆ, ಹೋಗಿ ನೋಡು. ಸೊಸೆಯಾಗಿ ಈ ಮನೆಗೆ ಕಾಲಿಟ್ಟ ದಿನದಿಂದ ನೀನು ಸೀಯಿಸದ ಅನ್ನವನ್ನು ನಾನು ಕಂಡಿಲ್ಲ. ಪಕ್ಕದ ಮನೆಯ ಲೆಗಿನೆಮ್, ನೀನಾದರೆ ನಿನಗೆ ಓದಲೇ ಬರುವುದಿಲ್ಲ. ಸುಮ್ಮನೆ ಪುಟ ತಿರುವುತ್ತಾ ಜಾಣೆಯ ಹಾಗೆ ತಲೆಯಾಡಿಸಬೇಡ. ಬೇರೆ ಯಾರಾದರೂ ಆಗಿದ್ದರೆ ನಿಮ್ಮ ಮೂಗಿನ ತುದಿಗೆ ಕಾದ ಮೇಣ ಬೀಳಲಿ ಅನ್ನುತ್ತಿದ್ದೆ. ಆದರೆ ಇವತ್ತಿನಿಂದ ನಾನು ಯಾರನ್ನೂ ಶಪಿಸುವ ಹಾಗಿಲ್ಲ. ಬದುಕಿಕೊಂಡಿರಿ, ಹೋಗಿ.

ಬಾಯಲ್ಲಿ ಬೈಯಬಾರದು ಅಂತ ವ್ರತ. ಬರೆಯಬಾರದು ಅಂತ ಯಾರೂ ಹೇಳಿಲ್ಲ. ಅದಕ್ಕೇ ಈ ಪುಸ್ತಕ. ಹಳ್ಳಿ ಶಾಲೆಯಲ್ಲಿ ಮೂರನೆಯ ತರಗತಿಯವರೆಗೆ ಕಲಿತದ್ದು ಎಪ್ಪತ್ತು ದಾಟಿದ ಮೇಲೆ ಹೀಗೆ ಉಪಯೋಗಕ್ಕೆ ಬಂತು.

ಬೆಳಿಗ್ಗೆ ಸೆಮರಾಂಗಿನಿಂದ ಮೊಮ್ಮಗಳು ವೆನಿಂಗ್, ಪೂರ್ವಾಂತಿಯ ಮಗಳು, ಫೋನ್ ಮಾಡಿದಳು. ನಾನು ಎತ್ತಿ ಆಡಿಸಿದ ಹುಡುಗಿ, ಅಜ್ಜಿಯನ್ನು ಯಾಂಗ್ತಿ ಅಂತ ಕರೆಯುತ್ತಾ ಬೆಳೆದವಳು, ಈಗ ಬಸುರಿ! ಆಗಸ್ಟಿನಲ್ಲಿ ಏಳನೆಯ ತಿಂಗಳ ಮಿತೊನಿ ಶಾಸ್ತ್ರ.

"ಯಾಂಗ್ತಿ, ನಿನ್ನ ಅಂಗಳದಲ್ಲೇ ಮಾಡಿಸ್ಕೋಬೇಕು ಅಂತ ನನಗೆ ಆಸೆ. ಆದ್ರೆ ನಮ್ಮತ್ತೆ ಮುಂಚಿತವಾಗೇ ಬಂದು ಅಲ್ಲೇ ಇರ್ತಾರೆ. ನೀನು ಅವರ ಜೊತೆ ಜಗಳ ಆಡಬಾರದು."

"ನಾನೇನು ಜಗಳಗಂಟೀನಾ?"

"ನನ್ನ ಮದುವೆ ದಿನ ಅವರ ತುರುಬು ನೋಡಿ ಏನಂದೆ?"

"ಇದರೊಳಗೆ ಎಷ್ಟು ಜನರ ಊಟ ಕಟ್ಕೊಂಡು ಬಂದಿದ್ದೀರಿ ಅಂದೆ. ಅಷ್ಟು ದೊಡ್ಡದಿತ್ತು. ಸುಳ್ಳಾ?"

"ಯಾಂಗ್ತಿ! ಒಂದೇ ಒಂದು ಜಗಳ ಆಯ್ತು ಅಂತ ಅಮ್ಮ ಹೇಳಿದ್ರೂ ಸಾಕು, ಇಲ್ಲೇ ಛತ್ರ ಹಿಡೀತೀನಿ. ಬಟ್ಟೆಗಳನ್ನ ಅಂಗಡಿಯಿಂದ ತರ್ತೀನಿ."

ಅಂಗಡಿಯಿಂದ! ಮಿತೊನಿಯಲ್ಲಿ ಬಸುರಿಗೆ ಒಂದರ ಮೇಲೊಂದು ಏಳು ಬಟ್ಟೆ ಸುತ್ತುತ್ತಾರೆ. ಆರು ಬಟ್ಟೆಗಳು ಒಂದಕ್ಕಿಂತ ಒಂದು ಚೆಂದ. ಪ್ರತಿಯೊಂದಕ್ಕೂ ನೆರೆದ ಹೆಂಗಸರು "ಒಪ್ಪಲ್ಲ!" ಎಂದು ಕೂಗಬೇಕು. ಕಡೆಗೆ ಏಳನೆಯದು, ಒರಟು ಪಟ್ಟೆ ಬಟ್ಟೆ, ಸುತ್ತಿದಾಗ "ಒಪ್ಪುತ್ತೆ!" ಅನ್ನಬೇಕು. ಹುಟ್ಟುವ ಮಗು ಜಂಬವಿಲ್ಲದೆ ಬಾಳಲಿ ಅಂತ. ಆರನೆಯ ಬಟ್ಟೆ ಮನೆಯ ಹಿರಿಯಳು ಕೈಯಾರೆ ಮೇಣದಲ್ಲಿ ಬರೆದು ಬಣ್ಣಕ್ಕೆ ಹಾಕಿಸಿದ್ದಾಗಬೇಕು; ಮೇಣ ಕೂತಲ್ಲಿ ಬಣ್ಣ ಹಿಡಿಯುವುದಿಲ್ಲ. ನಾನು ಬರೆಯುತ್ತಿರುವುದು ಸಿದೊಮುಕ್ತಿ ಚಿತ್ತಾರ, ಚೌಕ ಚೌಕದೊಳಗೆ ಚಿಟ್ಟೆಗಳು. ಗೆರೆಗಳು ಮುಗಿದಿವೆ, ಚುಕ್ಕಿಗಳು ಬಾಕಿ. ಎಲ್ಲರೂ ಬೇಡವೆಂದು ಕೂಗಲಿಕ್ಕಾಗಿಯೇ ಬರೆಯುವ ಬಟ್ಟೆ ಅದು. ಆದರೆ ಬೇಡವೆನ್ನುವಾಗ ಅವರ ನಾಲಿಗೆ ಹಿಂಜರಿಯಬೇಕು! ಇಲ್ಲದಿದ್ದರೆ ನನ್ನ ಹೆಸರು ವಾಗಿರಾ ಅಲ್ಲ.

ನಮ್ಮಲ್ಲಿ ದೊಡ್ಡದೇನಾದರೂ ಬೇಕೆಂದರೆ ಏನನ್ನಾದರೂ ಬಿಡುತ್ತೇವೆ. ಬಿಟ್ಟಷ್ಟೂ ಒಳಗೆ ಬಲ ಕೂಡುತ್ತದೆ. ಈಗ ಸುರೋ ತಿಂಗಳು ಬೇರೆ, ತಪಸ್ಸಿಗೆ ಹೇಳಿ ಮಾಡಿಸಿದ್ದು. ಬೈಗುಳವೊಂದನ್ನೇ ಬಿಟ್ಟರೆ ಏನು ಬಂತು? ಉಪ್ಪೂ ಬಿಟ್ಟೆ, ಬರೀ ಬಿಳಿ ಅನ್ನ, ನೀರು. ಸಿಹಿ ಚಹಾ ಬಿಟ್ಟೆ. ಎಲೆ ಅಡಿಕೆ ಬಿಟ್ಟೆ. ಫೋನಿನಲ್ಲಿ ಹೇಳಿದರೆ ಹುಡುಗಿ ಗಾಬರಿಯಾದಳು.

"ಎಲ್ಲಾ ಒಟ್ಟಿಗೆ ಬಿಡಬೇಡ ಯಾಂಗ್ತಿ. ಮನಸ್ಸಿಗೂ ದಣಿವಾಗುತ್ತಂತೆ."

"ಮನಸ್ಸೇನು ಗದ್ದೆ ಉಳೋ ಎಮ್ಮೇನಾ?" ಅಂದೆ. ಇವತ್ತಿನ ಮಟ್ಟಿಗೆ ಅದೇ ಕಡೆಯ ಕುಹಕ.

ಜುಲೈ 5, ಶನಿವಾರ, ಪೋನ್

ಹಾ! ಹೇಳಿದ್ದೆನಲ್ಲ!

ಮೀನು ಮಾರುವವಳು ಬಾಗಿಲಿಗೆ ಬಂದು ಕಣ್ಣು ಗುಳಿಬಿದ್ದ ಮೀನು ತೋರಿಸಿ "ಈಗಷ್ಟೇ ಹಿಡಿದದ್ದು" ಅಂದಳು. ನಾನು ನಕ್ಕು "ದೇವರು ನಿಮಗೆ ಒಳ್ಳೆಯದು ಮಾಡಲಿ" ಅಂದೆ. ಅವಳು ಬುಟ್ಟಿ ಎತ್ತಿಕೊಂಡು ಹಿತ್ತಲಿಗೆ ಓಡಿ ಪೂರ್ವಾಂತಿಯನ್ನು "ನಿಮ್ಮತ್ತೆಗೆ ಮೈ ಹುಷಾರಿಲ್ವಾ?" ಎಂದು ಕೇಳಿದಳಂತೆ.

ಲೆಗಿನೆಮ್ ಎಂದಿನಂತೆ ತನ್ನ ಬಟ್ಟೆ ತಂದು ನನ್ನ ಬಾಣಲೆಯ ಆಚೆ ಬದಿಗೆ ಕೂತಳು. ಜಗಲಿಯ ಮೇಲೆ ಒಂದೇ ಒಲೆ, ಒಂದೇ ಮೇಣ, ನಮ್ಮಿಬ್ಬರದು.

"ದೊಡ್ಡಮ್ಮಾ, ಬಾಯಿ ಹೊಲಿಸ್ಕೊಂಡ್ರಂತೆ. ದಾರ ಯಾವ ಬಣ್ಣದ್ದು?"

"ತಮ್ಮ ವಿನೋದ ಸೊಗಸಾಗಿದೆ" ಅಂದೆ.

ಅವಳು ನಕ್ಕ ರಭಸಕ್ಕೆ ಅವಳ ಚಾಂತಿಂಗ್, ಮೇಣದಲ್ಲಿ ಬರೆಯುವ ಕೊಕ್ಕಿನ ಲೇಖನಿ, ಕೆಳಗೆ ಬಿತ್ತು. ನನ್ನದು ಬೀಳಲಿಲ್ಲ! ಆ ಪುಟ್ಟ ತಾಮ್ರದ ಕೊಕ್ಕಿನಿಂದ ಮೇಣ ಇಳಿದದ್ದು ಹೇಗೆ ಅಂತೀರಿ, ಇರುವೆಗಳು ಸಾಲು ಹಿಡಿದು ಸಂತೆಗೆ ಹೊರಟ ಹಾಗೆ. ಬಲ ಕೂಡುತ್ತಿದೆ! ಮೈಯೆಲ್ಲ ಜುಮ್ಮೆನ್ನುತ್ತಿದೆ!

ಮೀನಿನವಳೇ, ಇಲ್ಲಿ ಬರೆದಿಡುತ್ತೇನೆ: ನಿನ್ನ ಮೀನಿಗೆ ನನಗಿಂತ ಹೆಚ್ಚು ವಯಸ್ಸಾಗಿದೆ.

ಜುಲೈ 9, ಬುಧವಾರ, ಪಾಹಿಂಗ್

ತುರುಬಿನವಳು ಫೋನ್ ಮಾಡಿದ್ದಳು. ವೆನಿಂಗಳ ಅತ್ತೆ, ನಮ್ಮ ಬೀಗಿತ್ತಿ, ಸೆಮರಾಂಗಿನ ದೊಡ್ಡ ಮನೆಯ ಹರ್ಯಾತಿ. ಅಂಥವರ ಜೊತೆ ಮನೆ ಮಾತು ಆಡುವ ಹಾಗಿಲ್ಲ, ಮರ್ಯಾದೆಯ ಮಾತೇ ಆಗಬೇಕು. ತಿನ್ನುವುದಕ್ಕೆ ಒಂದು ಪದ, ಅವರು ತಿಂದರೆ ಇನ್ನೊಂದು ಪದ. ಕೂರುವುದಕ್ಕೆ ಒಂದು, ಅವರು ಕೂತರೆ ಇನ್ನೊಂದು. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಒಂದೊಂದೇ ಪದವನ್ನು ಆರಿಸಿ ಇಡಬೇಕು.

"ಹಿರಿಯರು ಸೌಖ್ಯವಾಗಿರುವಿರಷ್ಟೆ?"

"ತಮ್ಮ ಹಾರೈಕೆಯಿಂದ ಸೌಖ್ಯವಾಗಿದ್ದೇನೆ. ತಮ್ಮ ಮನೆಯಲ್ಲಿ ಸರ್ವರೂ ಕ್ಷೇಮವೇ?"

"ಕ್ಷೇಮ. ವಸ್ತ್ರವು ಸಕಾಲಕ್ಕೆ ಸಿದ್ಧವಾಗುವುದೋ ಹೇಗೆ? ಹಿರಿಯರಿಗೆ ಶ್ರಮವಾಗುವುದಾದಲ್ಲಿ ನಾವೇ ಇಲ್ಲಿಂದ ಅಚ್ಚಿನ ವಸ್ತ್ರವೊಂದನ್ನು ತರುವೆವು."

ಅಚ್ಚಿನ ವಸ್ತ್ರ! ಯಂತ್ರದಿಂದ ಗಜಗಟ್ಟಲೆ ಉದುರುವ ಬಟ್ಟೆ! ನನ್ನ ಮೊಮ್ಮಗಳ ಸೊಂಟಕ್ಕೆ! ನನ್ನ ನಾಲಿಗೆ ಹಲ್ಲಿನ ಹಿಂದೆ ನಿಂತು ಕುಣಿಯಿತು. ನಾನು ಅದನ್ನು ಅಲ್ಲೇ ಅದುಮಿ ಹಿಡಿದು "ತಮ್ಮ ಕಾಳಜಿಗೆ ಋಣಿ" ಅಂದೆ. ಗೆದ್ದೆ! ಫೋನಿಟ್ಟಾಗ ಸೆರಗೆಲ್ಲ ಬೆವರು.

ಆಮೇಲೆ ನಡೆದದ್ದು ಮಾತ್ರ ಅರ್ಥವಾಗುತ್ತಿಲ್ಲ. ಚುಕ್ಕಿ ಇಡಲು ಕೂತರೆ ಕೈ ನನ್ನದಲ್ಲವೆಂಬಂತೆ ಆಡಿತು. ಒಂದು ಚುಕ್ಕಿ ಸಾಸಿವೆ, ಇನ್ನೊಂದು ಬಟಾಣಿ. ಎದ್ದು ನೀರು ಕುಡಿಯಲು ಒಳಗೆ ಹೋದೆ. ಪೂರ್ವಾಂತಿ ಬಂದು ನೋಡುವಾಗ ನಾನು ಕಪಾಟಿನ ಮುಂದೆ ನಿಂತಿದ್ದೆ, ಸೀಗಡಿ ಹಪ್ಪಳದ ಡಬ್ಬಿ ಕೈಯಲ್ಲಿತ್ತು, ಡಬ್ಬಿ ಖಾಲಿ.

"ಅಮ್ಮಾ, ಉಪ್ಪು ಬಿಟ್ಟಿದ್ರಿ ಅಲ್ವಾ?"

"ಯಾರು ತಿಂದ್ರು ಇದನ್ನ?" ಅಂದೆ. ನಿಜವಾಗಿಯೂ ಹಾಗೇ ಕೇಳಿದೆ. ಬಾಯಿ ತುಂಬ ಹಪ್ಪಳದ ಪುಡಿ.

ಬಾಯಿ ಬೆಳಿಗ್ಗೆ ಗೆದ್ದು ಮಧ್ಯಾಹ್ನ ಸೋತಿತು. ಸಡಿಲ ಬಿಟ್ಟದ್ದೇ ತಪ್ಪು. ಇನ್ನೂ ಬಿಗಿ ಮಾಡಬೇಕು. ನಾಳೆಯಿಂದ ಮಧ್ಯಾಹ್ನದ ನಿದ್ದೆಯನ್ನೂ ಬಿಡುತ್ತೇನೆ!

ಜುಲೈ 16, ಬುಧವಾರ, ವಾಗೆ

ತುರುಬಿನವಳು ದಿನ ಬಿಟ್ಟು ದಿನ ಫೋನ್ ಮಾಡುತ್ತಾಳೆ. ನಾನು ಸೌಖ್ಯ, ಅವಳು ಸೌಖ್ಯ, ಹವೆಯೂ ಸೌಖ್ಯ.

ಇವತ್ತು ಯಾವ ಚಾಂತಿಂಗ್ ತೆಗೆದುಕೊಳ್ಳಲಿ, ಸಣ್ಣ ಕೊಕ್ಕಿನದೋ ಅದಕ್ಕಿಂತ ಸಣ್ಣದೋ ಎಂದು ನೋಡುತ್ತಾ ಕೂತೆ. ಮೇಣ ಹೊಗೆಯಾಡಿತು. ಲೆಗಿನೆಮ್ ಒಲೆ ತಗ್ಗಿಸಿದಳು. ನಾನು ಇನ್ನೂ ನೋಡುತ್ತಲೇ ಇದ್ದೆ. ಪೂರ್ವಾಂತಿ ಬಂದು "ಸಾರಿಗೆ ಹಲಸಿನಕಾಯಿ ಹಾಕ್ಲಾ, ಸೊಪ್ಪು ಹಾಕ್ಲಾ?" ಎಂದಳು. ನನಗೆ ಅಳು ಬಂತು. ನಾನು ತಿನ್ನದ ಸಾರಿಗೆ! ಯಾರಾದರೂ ನಗಬೇಕು ಇದಕ್ಕೆ.

ಮೊನ್ನೆ ಒಂದು ದಿನ ಮಾತ್ರ ಚೆನ್ನಾಗಿತ್ತು. ಲೆಗಿನೆಮಳ ಹುಂಜ ಬಣ್ಣದ ತೊಟ್ಟಿಗೆ ಬಿದ್ದು ಎದ್ದು ಅಂಗಳವೆಲ್ಲ ಕಂದು ಹೆಜ್ಜೆ ಮಾಡಿತು. ಹುಂಜ ಮನುಷ್ಯನಲ್ಲ, ವ್ರತಕ್ಕೆ ಅಡ್ಡಿಯಿಲ್ಲ. ಅದರ ಕೊಕ್ಕನ್ನು ಬೈದೆ, ಪುಕ್ಕವನ್ನು ಬೈದೆ, ಅದರ ಅಪ್ಪ ಯಾವ ಬೇಲಿ ಹಾರಿದ್ದ ಎಂಬುದರವರೆಗೆ ಹೋದೆ. ಲೆಗಿನೆಮ್ ಕೂತು ಚಪ್ಪಾಳೆ ತಟ್ಟಿದಳು. ಅವತ್ತು ಮಧ್ಯಾಹ್ನ ಎರಡು ಚೌಕ ತುಂಬಿಸಿದೆ, ಒಂದು ಚುಕ್ಕಿಯೂ ಅಂಕೆ ತಪ್ಪಲಿಲ್ಲ. ಮೇಣಕ್ಕೆ ಹೊಸ ರಾಳ ಹಾಕಿದ್ದೆ, ಅದಕ್ಕೇ ಇರಬೇಕು.

ಜುಲೈ 20, ಭಾನುವಾರ, ಪೋನ್

ದಣಿವು. ಚುಕ್ಕಿ ಇಟ್ಟಿಲ್ಲ. ಬೈದು ಬರೆಯೋಣವೆಂದರೆ ಯಾರೂ ನೆನಪಾಗುತ್ತಿಲ್ಲ.

ಆಗಸ್ಟ್ 5, ಮಂಗಳವಾರ, ವಾಗೆ

ಬಂದಳು! ತುರುಬು ಮೊದಲು ಇಳಿಯಿತು, ಆಮೇಲೆ ಹರ್ಯಾತಿ, ಮರ್ಯಾದೆಗೆ ಬು ಹರ್ಯಾತಿ ಅನ್ನಬೇಕು, ಇಳಿದಳು. ಮಕ್ಕಳು ಹದಿನೇಳನೇ ತಾರೀಕಿನ ಸ್ವಾತಂತ್ರ್ಯದ ಹಬ್ಬಕ್ಕೆ ಬೀದಿಗೆಲ್ಲ ಕೆಂಪು ಬಿಳಿ ಬಾವುಟ ಕಟ್ಟಿದ್ದರು. ಅವಳು ಅದರಡಿಯಲ್ಲಿ, ಎಲ್ಲ ತನಗೇ ಕಟ್ಟಿದ್ದು ಎಂಬಂತೆ ನಡೆದು ಬಂದಳು.

"ದಯಮಾಡಿಸಬೇಕು, ದಯಮಾಡಿಸಬೇಕು. ಬಡವರ ಗುಡಿಸಲು."

"ಎಲ್ಲಿಯ ಮಾತು! ಅರಮನೆಯಂತಿದೆ."

"ಚಹಾ ಸ್ವೀಕರಿಸೋಣವಾಗಲಿ."

"ಹಿರಿಯರು ಮೊದಲು."

"ತಾವು ಮೊದಲು."

"ಅದು ಸಲ್ಲದು, ಹಿರಿಯರು ಮೊದಲು."

ನಾನು ಚಹಾ ಬಿಟ್ಟಿದ್ದೇನೆ ಅಂತ ಹೇಳಲು ಮರ್ಯಾದೆಯ ಪದ ಹೊಳೆಯಲಿಲ್ಲ. ಅವಳು ಕುಡಿಯಲಿಲ್ಲ, ನಾನೂ ಕುಡಿಯಲಿಲ್ಲ. ಇಬ್ಬರೂ ನಗುತ್ತಾ ಕೂತಿದ್ದೆವು. ಚಹಾ ತಣ್ಣಗಾಯಿತು. ಪೂರ್ವಾಂತಿ ಬಾಗಿಲ ಮರೆಯಲ್ಲಿ ಸೆರಗು ಕಚ್ಚಿಕೊಂಡು ನಿಂತಿದ್ದಳು, ಹೆದರಿಕೆಗೋ ನಗುವಿಗೋ ಗೊತ್ತಿಲ್ಲ.

ಹದಿನಾರನೇ ತಾರೀಕು ಶಾಸ್ತ್ರ. ಬಟ್ಟೆಯ ನಡುಭಾಗ ಇನ್ನೂ ಬೋಳು. ಬಣ್ಣಕ್ಕೆ ಹಾಕಿ, ಮೇಣ ಕುದಿಸಿ ತೆಗೆದು, ಒಣಗಿಸಲು ದಿನಗಳು ಬೇಕು. ಆದರೂ ಆಗುತ್ತದೆ! ಆಗಲೇಬೇಕು!

ಆಗಸ್ಟ್ 8, ಶುಕ್ರವಾರ, ಪಾಹಿಂಗ್

ಬು ಹರ್ಯಾತಿ ಬೆಳಗಾದರೆ ನನ್ನ ಒಲೆಯ ಪಕ್ಕ ಮಣೆ ಹಾಕಿ ಕೂರುತ್ತಾಳೆ. "ಹಿರಿಯರ ಹಸ್ತಕೌಶಲವನ್ನು ಕಾಣುವ ಭಾಗ್ಯ" ಅನ್ನುತ್ತಾಳೆ. ಒಂದು ಚುಕ್ಕಿ ಇಟ್ಟರೆ ಒಂದು ಹೊಗಳಿಕೆ. ಹೊಗಳಿಕೆಗೆ ನಾನು ತಗ್ಗಬೇಕು, ನಾನು ತಗ್ಗಿದರೆ ಅವಳು ಇನ್ನೂ ತಗ್ಗಬೇಕು. ಹೀಗೇ ತಗ್ಗುತ್ತಾ ಹೋದರೆ ಮಿತೊನಿ ಹೊತ್ತಿಗೆ ಇಬ್ಬರೂ ಬಾವಿಯಲ್ಲಿರುತ್ತೇವೆ. ಚಿಟ್ಟೆಯ ಒಂದು ರೆಕ್ಕೆಗೆ ಚುಕ್ಕಿ ಎರಡು ಸಲ ಇಟ್ಟೆ. ಲೆಗಿನೆಮ್ ನೋಡಿದಳು, ಏನೂ ಅನ್ನಲಿಲ್ಲ. ಲೆಗಿನೆಮ್ ಏನೂ ಅನ್ನದಿದ್ದರೆ ಕೆಲಸ ಕೆಟ್ಟಿದೆ ಎಂದೇ ಅರ್ಥ.

ಹರ್ಯಾತಿಯೂ ಬಡವಾಗಿದ್ದಾಳೆ, ಅದನ್ನೂ ಬರೆಯಬೇಕು. ಬಂದಾಗ ಕೆನ್ನೆಯಿತ್ತು. ಸಂಜೆ ಕೂತಲ್ಲೇ ತೂಕಡಿಸುತ್ತಾಳೆ, ಬಾಯಿ ಮಾತ್ರ ನಗುತ್ತಲೇ ಇರುತ್ತದೆ.

ಇವತ್ತು ಒಂದು ವಿಚಿತ್ರ. ಹಿತ್ತಲಲ್ಲಿ ಯಾರೋ ಹೆಂಗಸು ಯಾರನ್ನೋ ಹಿಗ್ಗಾಮುಗ್ಗಾ ಬೈಯುತ್ತಿದ್ದಳು. "ಗಡ್ಡ ಬಿಟ್ಕೊಂಡ್ರೆ ದೊಡ್ಡವನಾಗಿಬಿಟ್ಯಾ? ಹೊಟ್ಟೆ ನೋಡು, ಒಡೆದ ದೋಣಿ ಥರ!" ಎಂಥ ಲಯ! ಎಂಥ ದಮ್ಮು! ಕೇಳಿ ನನ್ನ ಬೆನ್ನು ನೆಟ್ಟಗಾಯಿತು. ಎದ್ದು ಹೋಗಿ ನೋಡಿದರೆ ಮೇಕೆ ಕಟ್ಟಿತ್ತು, ಅದರ ಮುಂದೆ ಬು ಹರ್ಯಾತಿ ಸೊಪ್ಪು ಹಿಡಿದು ನಿಂತಿದ್ದಳು.

"ಯಾರೋ ಮಾತನಾಡಿದಂತಾಯಿತಲ್ಲ?" ಅಂದೆ.

"ಬೇಲಿಯಾಚೆ ಯಾರೋ ಹಾದುಹೋದರು" ಅಂದಳು.

ಅವಳು ಯಾರೋ, ಆ ಹಾದುಹೋದವಳು, ಪರಿಚಯ ಮಾಡಿಕೊಳ್ಳಬೇಕು.

ಆಗಸ್ಟ್ 11, ಸೋಮವಾರ, ಕ್ಲಿವೋನ್

ಇವತ್ತು ಎಲ್ಲ ತಲೆಕೆಳಗಾಯಿತು! ಮೊದಲಿನಿಂದ ಬರೆಯುತ್ತೇನೆ.

ಬೆಳಗಿನಿಂದ ನಡುಭಾಗದ ಚುಕ್ಕಿ. ಲೆಗಿನೆಮ್ ಬಣ್ಣದವನ ಹತ್ತಿರ ಹೋಗಿದ್ದಳು, ನಾಳೆ ಸಂಜೆಯೊಳಗೆ ಬಟ್ಟೆ ಬರದಿದ್ದರೆ ತನ್ನಿಂದಾಗದು ಅಂದಿದ್ದನಂತೆ. ಬು ಹರ್ಯಾತಿ ಪಕ್ಕದಲ್ಲಿ ಹೊಗಳುತ್ತಿದ್ದಳು. ನಾನು ತಗ್ಗುತ್ತಿದ್ದೆ. ಚಾಂತಿಂಗಿನ ಕೊಕ್ಕು ಊದಿ ಬಟ್ಟೆಗೆ ತಂದೆ, ತಂದದ್ದು ನೆನಪಿದೆ. ಆಮೇಲೆ ಒಂದು ಗಳಿಗೆ ನನ್ನ ತಲೆಯೊಳಗೆ ಏನೂ ಇರಲಿಲ್ಲ, ಒರೆಸಿದ ಹಲಗೆಯ ಹಾಗೆ. ಎಚ್ಚರವಾದಾಗ ಬಟ್ಟೆಯ ನಟ್ಟನಡುವೆ ಮೇಣ ಗೊಳಕ್ಕನೆ ಸುರಿದಿತ್ತು. ಎಲೆಯಡಿಕೆಯ ಎಲೆಯಷ್ಟು ಅಗಲ.

ನಾನು ಚಾಂತಿಂಗನ್ನು ಬಾಣಲೆಗೆ ಇಟ್ಟೆ. ಅಷ್ಟಕ್ಕೇ ತ್ರಾಣ ಮುಗಿಯಿತು.

"ಹಿರಿಯರ ಅಪ್ಪಣೆಯಾದರೆ ನಾನು ತೆಗೆಯಲೇ? ಕಾದ ಚಮಚವನ್ನು ಒತ್ತಿದರೆ ಮೇಣ ಏಳುವುದೆಂದು ಕೇಳಿದ್ದೇನೆ."

ಬೇಡ ಅನ್ನಬೇಕಿತ್ತು. ಬೇಡವೆನ್ನಲು ಮರ್ಯಾದೆಯ ಪದ ಹುಡುಕಬೇಕಿತ್ತು. "ತಮ್ಮ ಚಿತ್ತ" ಅಂದುಬಿಟ್ಟೆ. ಅವಳು ಚಮಚ ಕಾಯಿಸಿ ಒತ್ತಿದಳು. ಎಲೆಯಷ್ಟಿದ್ದದ್ದು ಅಂಗೈಯಷ್ಟಾಯಿತು. ಇನ್ನೂ ಒತ್ತಿದಳು. ಅಂಗೈ ತಟ್ಟೆಯಾಯಿತು.

ಆಗ ನನ್ನೊಳಗೆ ಏನೋ ಕಿತ್ತುಕೊಂಡು ಹೋಯಿತು.

"ಏಯ್ ತುರುಬು! ಕೈ ತೆಗಿಯೇ! ಅದೇನು ಮೀನು ಹುರಿಯೋ ಹೆಂಚು ಅಂದ್ಕೊಂಡ್ಯಾ, ಒತ್ತಿ ಒತ್ತಿ ಮಗುಚೋಕೆ? ತಲೆ ಮೇಲೆ ಅಷ್ಟು ದೊಡ್ಡ ಗಂಟು ಹೊತ್ಕೊಂಡಿದ್ದೀಯಲ್ಲ, ಅದರೊಳಗೆ ಸಾಸಿವೆ ಕಾಳಷ್ಟಾದ್ರೂ ಬುದ್ಧಿ ಹಾಕ್ಕೊಂಡು ಬರಬಾರದಿತ್ತಾ?"

ಪೂರ್ವಾಂತಿ ಒಳಗಿನಿಂದ "ಅಸ್ತಗ್ಫಿರುಲ್ಲಾ, ದೇವರೇ ಕ್ಷಮಿಸು! ಅಮ್ಮಾ!" ಎಂದು ಚೀರಿದಳು.

ಹರ್ಯಾತಿ ಎದ್ದು ನಿಂತಳು. ಮುಖ ಕೆಂಪಾಗಿತ್ತು. ಚಮಚವನ್ನು ಬಾಣಲೆಗೆ ಎಸೆದಳು. ಸೊಂಟಕ್ಕೆ ಕೈ ಹೋಯಿತು. ಆ ಕೈ ಹೋದ ರೀತಿ ನೋಡಿಯೇ ನನಗೆ ತಿಳಿಯಬೇಕಿತ್ತು, ಅದು ದೊಡ್ಡ ಮನೆಯ ಸೊಂಟವಲ್ಲ!

"ಏನಂದೆ ಮುದುಕಿ? ಒಂದು ವಾರದಿಂದ ನಿನ್ನ 'ದಯಮಾಡಿಸಿ' 'ದಯಮಾಡಿಸಿ' ಕೇಳಿ ನನ್ನ ದವಡೆ ಹಿಡ್ಕೊಂಡಿದೆ! ನಾನು ಯಾರು ಅಂದ್ಕೊಂಡಿದ್ದೀಯ? ಜುವಾನಾ ಬಂದರಿನಲ್ಲಿ ಮೀನು ಹರಾಜು ಕೂಗಿ ಬೆಳೆದವಳು ನಾನು! ನಿನ್ನಂಥ ಬಾಯಿಗಳನ್ನ ಉಪ್ಪು ಸವರಿ ಬಿಸಿಲಿಗೆ ಹಾಕಿ ಮಾರಿದ್ದೀನಿ!"

"ಮಾರಿರ್ತೀಯ, ಮಾರಿರ್ತೀಯ! ತೂಕದಲ್ಲಿ ಮೋಸ ಮಾಡಿ!"

"ನಿನ್ನ ಉಪ್ಪಿ‌ಲ್ಲದ ಅನ್ನ ನೋಡ್ಕೊಂಡು ನಾನೂ ಖಾರದ ಸಂಬಲ್ ಚಟ್ನಿ ಇಲ್ದೇ ಉಂಡೆ, ಮರ್ಯಾದೆಗೆ ಅಂತ! ನನ್ನ ನಾಲಿಗೆ ಹಲಗೆ ಆಗೋಗಿದೆ!"

"ಯಾರು ಉಣ್ಣು ಅಂದ್ರು?"

"ಯಾರು ಬೇಡ ಅಂದ್ರು? ನಿನ್ನ ಮೊಮ್ಮಗಳು ನನ್ನ ಹತ್ರ ಮಾತು ತಗೊಂಡಿದ್ದಾಳೆ, ಒಂದು ಜಗಳ ಆದ್ರೂ ಮಿತೊನಿ ಇಲ್ಲಿಲ್ಲ ಅಂತ!"

ನಾನು ಕಣ್ಣು ಬಿಟ್ಟೆ. "ನಿನ್ನ ಹತ್ರಾನೂ?"

"ಮತ್ತೆ! ಆ ಮೇಕೆ ಇಲ್ದೇ ಇದ್ದಿದ್ರೆ ನಾನು ಹೊಟ್ಟೆ ಒಡ್ದು ಸತ್ತೇ ಹೋಗ್ತಿದ್ದೆ."

ಆ ಹಾದುಹೋದವಳು! ನನಗೆ ನಗು ಬಂತು. ತಡೆದರೆ ಪಕ್ಕೆ ನೋಯಿತು. ಅವಳ ತುರುಬು ಸಡಿಲಾಗಿ ಕಿವಿಯ ಮೇಲೆ ಬಿದ್ದಿತ್ತು. ಅವಳೂ ನಗತೊಡಗಿದಳು, ಹರಾಜಿನ ಕಟ್ಟೆಯ ನಗು, ಹುಂಜ ಬೇಲಿ ಹಾರಿ ಓಡಿತು.

ಅಷ್ಟರಲ್ಲಿ ಪೂರ್ವಾಂತಿ ಫೋನ್ ಹಿಡಿದು ಬಂದಳು. ಮುಖ ಬಿಳುಚಿತ್ತು. ಜಗಳವಾಯಿತೆಂದು ಹೇಳಿಬಿಟ್ಟಿದ್ದಳು. ಆ ಕಡೆ ವೆನಿಂಗ್ ಅಳುತ್ತಿದ್ದಳು.

"ಗೊತ್ತಿತ್ತು ನನಗೆ. ಛತ್ರದವರಿಗೆ ಈಗಲೇ ಹೇಳ್ತೀನಿ. ನಾನು ಬರಲ್ಲ ಯಾಂಗ್ತಿ."

ನನ್ನ ನಗು ಅಲ್ಲೇ ನಿಂತಿತು. ಇಷ್ಟು ದಿನದ ಉಪ್ಪು, ಚಹಾ, ನಿದ್ದೆ, ಎಲ್ಲ ಹೋಯಿತು. ಹರ್ಯಾತಿ ಫೋನ್ ಕಿತ್ತುಕೊಂಡಳು.

"ಏ ಹುಡುಗಿ, ಕಣ್ಣೊರೆಸ್ಕೋ! ಜಗಳ ಎಲ್ಲಿ ಆಗಿದೆ? ಈ ನಿನ್ನಜ್ಜಿ ಬಾಯಿ ಬಿಟ್ಟು ಮಾತಾಡಿದ್ದೇ ಇವತ್ತು!"

"ನಿನ್ನತ್ತೆ ನನ್ನ ಬಟ್ಟೆ ಹಾಳು ಮಾಡಿದ್ಲು ವೆನಿಂಗ್, ಆದ್ರೆ ಬೈಯೋದ್ರಲ್ಲಿ ನನಗಿಂತ ಗಟ್ಟಿ!"

"ಹಾಳು ಮಾಡಿದ್ದು ನಾನಾ? ಸುರಿದವಳು ನೀನು!"

"ಒತ್ತಿದವಳು ನೀನು!"

ಆ ಕಡೆ ಅಳು ನಿಂತಿತು. ಆಮೇಲೆ ವೆನಿಂಗ್ ಮೆಲ್ಲಗೆ "ನೀವಿಬ್ರೂ ನಗ್ತಾ ಇದ್ದೀರಾ?" ಅಂದಳು.

"ಇಲ್ಲ" ಅಂದೆವು ಇಬ್ಬರೂ ಒಟ್ಟಿಗೆ.

"ಗುರುವಾರ ಬರ್ತೀನಿ" ಅಂದಳು ಹುಡುಗಿ.

ಬರುತ್ತಾಳೆ! ಆದರೆ ಬಟ್ಟೆ? ತಟ್ಟೆಯಗಲದ ಕಲೆ ಬಣ್ಣಕ್ಕೆ ಬಿದ್ದರೆ ಬೆಳ್ಳಗೆ ಹಾಗೇ ಉಳಿಯುತ್ತದೆ. ಹರ್ಯಾತಿ ತಲೆ ಓರೆ ಮಾಡಿ ನೋಡಿದಳು.

"ಇದು ಕಲೆ ಅಲ್ಲ. ಇದು ಬವಾಲ್ ಮೀನು. ನೋಡು, ಚಪ್ಪಟೆ, ಅಗಲ. ಬಾಲ ಒಂದು ಕಮ್ಮಿ."

"ಸಿದೊಮುಕ್ತಿಯಲ್ಲಿ ಮೀನಾ? ಚಿಟ್ಟೆ ಮಧ್ಯೆ? ನನ್ನಜ್ಜಿ ಗೋರಿಯಿಂದ ಎದ್ದು ಬರ್ತಾಳೆ!"

"ಬರ್ಲಿ. ಅವಳಿಗೂ ಒಂದು ತುಂಡು ಹುರಿದು ಕೊಡೋಣ."

ನಾನು ಚಾಂತಿಂಗ್ ತೆಗೆದುಕೊಂಡು ಬಾಲ ಬರೆದೆ.

ಆಗಸ್ಟ್ 12, ಮಂಗಳವಾರ, ಲೆಗಿ

ಮುಗಿಯಿತು! ಮುಗಿಯಿತು! ಲೆಗಿನೆಮ್ ಬಟ್ಟೆ ಎತ್ತಿಕೊಂಡು ಬಣ್ಣದವನ ಹತ್ತಿರ ಓಡಿದ್ದಾಳೆ.

ಬೆಳಿಗ್ಗೆ ಪೂರ್ವಾಂತಿ ಹೇಳದೆಯೇ ಸಿಹಿ ಚಹಾ ತಂದಿಟ್ಟಳು, ನಾನು ಹೇಳದೆಯೇ ಕುಡಿದೆ. ಮಧ್ಯಾಹ್ನ ಉಪ್ಪು, ಸಂಬಲ್, ಹುರಿದ ಮೀನು. ಅನ್ನ ಸೀದಿತ್ತೋ ಇಲ್ಲವೋ ಗೊತ್ತಾಗಲಿಲ್ಲ. ಉಂಡು ಚಾಪೆಯ ಮೇಲೆ ಒಂದು ನಿದ್ದೆ, ಆಚೆ ಚಾಪೆಯಲ್ಲಿ ಹರ್ಯಾತಿ ಗೊರಕೆ.

ಒಲೆ ನೋಡಿಕೊಳ್ಳುವ ಕೆಲಸ ಅವಳಿಗೆ ಕೊಟ್ಟೆ. "ಕಮ್ಮಿ ಮಾಡೇ, ಮೇಣ ಕುದೀತಿದೆ, ನಿನ್ನ ತಲೆ ಥರ!" "ಹೆಚ್ಚು ಮಾಡ್ಲಾ, ನಿನ್ನ ಕೈ ಥರ ಹೆಪ್ಪುಗಟ್ಟಿದೆ!" ದಿನವಿಡೀ ಇದೇ. ಲೆಗಿನೆಮ್ ತನ್ನ ಬಟ್ಟೆಯ ಕಡೆ ನೋಡಲೇ ಇಲ್ಲ, ನಾಟಕ ನೋಡುವವಳಂತೆ ಕಾಲು ಚಾಚಿ ಕೂತಿದ್ದಳು. ಮೀನಿನ ಮೈಮೇಲೆ ಮಾತ್ರ ನನಗೆ ಚುಕ್ಕಿ ಇಡಲು ದಾರಿಯಿರಲಿಲ್ಲ, ಮೇಣವೇ ತುಂಬಿತ್ತು. ಹರ್ಯಾತಿ ಬಿದಿರಿನ ಚೂರು ಚೂಪು ಮಾಡಿ ಹೆಪ್ಪುಗಟ್ಟಿದ ಮೇಣದ ಮೇಲೆ ಸಣ್ಣ ಸಣ್ಣ ಕಮಾನುಗಳನ್ನು ಗೀರಿದಳು. ಗೀರಿದಲ್ಲಿ ಬಣ್ಣ ಇಳಿದು ಪೊರೆಗಳಾಗುತ್ತವೆ ಅಂದಳು. ಮೀನಿನ ಪೊರೆ ಅವಳಿಗೆ ಗೊತ್ತಿರದೆ ಇನ್ನಾರಿಗೆ.

ನನ್ನ ಚುಕ್ಕಿಗಳು ಸುತ್ತ ಮರಳಿನ ಹಾಗೆ ಬಿದ್ದವು, ಒಂದರ ಪಕ್ಕ ಒಂದು, ಒಂದೇ ಗಾತ್ರ. ಕೈ ಒಮ್ಮೆಯೂ ನಡುಗಲಿಲ್ಲ. ಮೇಣ ಹೊಸದಿರಬೇಕು.

ಆಗಸ್ಟ್ 17, ಭಾನುವಾರ, ಲೆಗಿ

ಬೀದಿಯಲ್ಲಿ ಮಕ್ಕಳು ಗೋಣಿಚೀಲದೊಳಗೆ ಕಾಲು ಹಾಕಿ ಕುಪ್ಪಳಿಸುತ್ತಿದ್ದಾರೆ, ಧ್ವನಿವರ್ಧಕ ಅರಚುತ್ತಿದೆ. ಅರಚಲಿ! ನಿನ್ನೆಯದನ್ನು ಬರೆಯದಿದ್ದರೆ ನಾನೇ ಅರಚುತ್ತೇನೆ.

ಅಂಗಳ ತುಂಬ ಹೆಂಗಸರು. ವೆನಿಂಗಳಿಗೆ ಹೂವಿನ ನೀರು ಎರೆದೆವು. ಬಾವುಟದ ಹಾಗೆ ನಡುಗುತ್ತಿದ್ದಳು, ನಗುತ್ತಿದ್ದಳು. ಬಟ್ಟೆ ಸುತ್ತುವ ಕೆಲಸ ಲೆಗಿನೆಮಳದು. ಮೊದಲನೆಯದು ಸುತ್ತಿ ಎಳೆದು ಕೂಗಿದಳು, "ಒಪ್ಪುತ್ತಾ?"

"ಒಪ್ಪಲ್ಲ!" ಎಲ್ಲರೂ.

ಎರಡನೆಯದು. "ಒಪ್ಪಲ್ಲ!" ಹರ್ಯಾತಿ ಮುಂದಿನ ಸಾಲಿನಲ್ಲಿ, ತುರುಬು ನೆಟ್ಟಗೆ, ಸೆಮರಾಂಗಿನ ನೆಂಟರ ನಡುವೆ ಬಾಯಿಯ ಮೇಲೆ ಬೆರಳಿಟ್ಟು ಗಂಭೀರವಾಗಿ "ಒಪ್ಪಲ್ಲ" ಅನ್ನುತ್ತಿದ್ದಳು. ಮೂರು, ನಾಲ್ಕು, ಐದು.

ಆರನೆಯದು ನನ್ನದು.

ಲೆಗಿನೆಮ್ ಬಿಚ್ಚಿದಳು. ಕಂದು ಬಣ್ಣ ಜೇನಿನ ಹಾಗೆ ಇಳಿದಿತ್ತು. ಚಿಟ್ಟೆಗಳು, ಚುಕ್ಕಿಗಳು, ನಡುವೆ ಬೆಳ್ಳಗೆ ಹೊಳೆಯುವ ಮೀನು, ಪೊರೆ ಪೊರೆಯಾಗಿ. ಸುತ್ತಿ ಕಟ್ಟಿದಾಗ ಮೀನು ಸರಿಯಾಗಿ ಹೊಟ್ಟೆಯ ಗುಂಡಗಿನ ಮೇಲೆ ಬಂದು ಮಲಗಿತು. ಯಾರೂ ಅಳೆದಿರಲಿಲ್ಲ. ತಾನಾಗಿಯೇ ಬಂತು.

"ಒಪ್ಪುತ್ತಾ?" ಲೆಗಿನೆಮ್ ಕೂಗಿದಳು, ದನಿ ಸ್ವಲ್ಪ ಒಡೆದಿತ್ತು.

"ಒಪ್ಪಲ್ಲ" ಎಂದು ಅಲ್ಲೊಂದು ಇಲ್ಲೊಂದು ಗಂಟಲು ಎಳೆಯಿತು. ಆಗ ಮುಂದಿನ ಸಾಲಿನಿಂದ, ಬಂದರಿನ ಆಚೆ ದಡಕ್ಕೂ ಕೇಳುವಂತೆ:

"ಒಪ್ಪುತ್ತೆ! ಅಯ್ಯೋ ಒಪ್ಪುತ್ತೆ ಕಣ್ರೇ! ಇದಕ್ಕಿಂತ ಇನ್ನೇನು ಒಪ್ಪಬೇಕು!"

ಹರ್ಯಾತಿ ಎದ್ದು ನಿಂತಿದ್ದಳು. ಸೆಮರಾಂಗಿನ ನೆಂಟರು ಬಾಯಿ ತೆರೆದು ನೋಡಿದರು. ಲೆಗಿನೆಮ್ ಏಳನೆಯ ಪಟ್ಟೆ ಬಟ್ಟೆಯನ್ನು ಕೈಯಲ್ಲಿ ಹಿಡಿದು "ಇನ್ನೂ ಒಂದು ಬಾಕಿ ಇದೆ ಬು! ಇದಕ್ಕೆ ಒಪ್ಪಬೇಕು!" ಅಂದಳು.

"ಅದಕ್ಕೂ ಒಪ್ತೀನಿ, ಸುಮ್ನಿರೇ!"

ಅಂಗಳ ಸ್ಫೋಟಿಸಿತು. ವೆನಿಂಗ್ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು. ಅಷ್ಟರಲ್ಲಿ "ಯಾಂಗ್ತಿ!" ಎಂದು ಚೀರಿದಳು, ಒಳಗಿನದು ಒದ್ದಿತ್ತು. ಬಟ್ಟೆ ಅಲುಗಿತು. ಮೀನು ಬಾಲ ಬಡಿಯಿತು. ನಾನು ಕಣ್ಣಾರೆ ಕಂಡೆ.

ಪದ್ಧತಿ ಕೆಡಿಸಿದವಳನ್ನು ನಾನು ಬೈಯಬೇಕಿತ್ತು. ಎಲ್ಲರೂ ನನ್ನ ಕಡೆಯೇ ತಿರುಗಿದ್ದರು, ಕಾಯುತ್ತಿದ್ದರು. ಬಾಯಿ ತೆರೆದೆ, ಒಂದು ಮಾತೂ ಬರಲಿಲ್ಲ. ನಾಲಿಗೆಯನ್ನು ಯಾರೂ ಹಿಡಿದಿರಲಿಲ್ಲ, ನಾನೂ ಹಿಡಿದಿರಲಿಲ್ಲ. ಮೇಣದ ಹೊಗೆ ಕಣ್ಣಿಗೆ ಹೋಗಿರಬೇಕು. ಒಲೆ ಹಚ್ಚಿರಲಿಲ್ಲ ನಿಜ, ಆದರೂ.

ಪಟ್ಟೆ ಬಟ್ಟೆಯನ್ನು ಮೀನಿನ ಮೇಲೇ ಸುತ್ತಿದರು. ಮಗುವಿಗೆ ಜಂಬ ಬಂದರೆ ಹರ್ಯಾತಿಯನ್ನು ಕೇಳಿ.

ಆಗಸ್ಟ್ 18, ಸೋಮವಾರ, ಪಾಹಿಂಗ್

ಯಾರದು ಇದನ್ನು ಬಿಚ್ಚಿ ನೋಡುತ್ತಿರುವುದು? ನೀನೇ. ನಿನ್ನ ಚೀಲದಲ್ಲಿ ಸೀಗಡಿ ಹಪ್ಪಳದ ಕೆಳಗೆ ನಾನೇ ಇಟ್ಟಿದ್ದೇನೆ. ವ್ಯಾನ್ ಚಾಲಕ ಹಾರನ್ ಹೊಡೆಯುತ್ತಿದ್ದಾನೆ, ನೀನು ಹಿತ್ತಲಲ್ಲಿ ಮೇಕೆಗೆ ಹೋಗಿಬರುತ್ತೇನೆಂದು ಹೇಳುತ್ತಿದ್ದೀಯ, ನಾನು ನಿಂತೇ ಬರೆಯುತ್ತಿದ್ದೇನೆ.

ಮೊದಲ ಪುಟಗಳಲ್ಲಿ ನಿನ್ನ ತುರುಬಿನ ವಿಚಾರ ಇದೆ. ಅಳಿಸಿಲ್ಲ. ಅದು ಈಗಲೂ ಅಷ್ಟೇ ದೊಡ್ಡದಿದೆ.

ಮಗುವನ್ನು ಎತ್ತಿ ಕಟ್ಟಿಕೊಳ್ಳುವ ಜೋಳಿಗೆ ಬಟ್ಟೆ ಇನ್ನು ಶುರುವಾಗಬೇಕು. ಇವತ್ತು ಬೆಳಿಗ್ಗೆ ಒಂದು ಗೆರೆ ಎಳೆದು ನೋಡಿದೆ, ಡೊಂಕಾಯಿತು. ಪೂರ್ವಾಂತಿಯನ್ನು ಬೈದರೆ ಅಳುತ್ತಾಳೆ, ಲೆಗಿನೆಮ್ ನಗುತ್ತಾಳೆ, ಹುಂಜ ಓಡುತ್ತದೆ. ತಿರುಗಿ ಬೈಯುವವರು ಬೇಕು. ಈ ಪುಸ್ತಕದಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಪುಟ ಖಾಲಿ. ನನ್ನನ್ನು ಬೈದು ತುಂಬಿಸು. ಮನೆ ಮಾತಿನಲ್ಲಿ. "ತಾವು" ಅಂತ ಒಂದು ಪದ ಕಂಡರೂ ಒಲೆಗೆ ಹಾಕುತ್ತೇನೆ. ಜೊತೆಗೆ ಯಾವ ಮೀನು ಬರೆಯಬೇಕು, ಅದರ ರೆಕ್ಕೆ ಎಲ್ಲಿ ಶುರುವಾಗುತ್ತದೆ, ಕಣ್ಣು ಎಷ್ಟು ದೊಡ್ಡದು, ಎಲ್ಲ ಬರೆದು ಕಳಿಸು.

ಹುಷಾರು, ದಾರಿಯಲ್ಲಿ ಸಂಬಲ್ ಜಾಸ್ತಿ ತಿನ್ನಬೇಡ. ಮುಂದಿನ ತಿಂಗಳು ಕಾಲಿಡುವುದರೊಳಗೆ ಉತ್ತರ ನನ್ನ ಜಗಲಿಯ ಮೇಲಿರಬೇಕು. ತಿಳೀತೇನೇ, ತುರುಬು?